ಹಳೇ ಜೈಲಿನ ಬಯಲು

14 ಅಕ್ಟೋಬರ್ 2024, ಸೋಮವಾರ
ಶಿವಮೊಗ್ಗ

ಬೆಳಿಗ್ಗೆ ಆರಕ್ಕೆ ಅಮ್ಮನನ್ನು ಕರೆದುಕೊಂಡು ಹಳೇ ಜೈಲಿನ ಬಯಲಿಗೆ ಹೋದೆ. ಶನಿವಾರದ ವಿಜಯದಶಮಿಗೆ ಜನ ತುಳಿದ ನೆಲ ಇನ್ನೂ ಹಾಗೆಯೇ ಇದೆ. ಹುಲ್ಲಿನ ನಡುವೆ ಬಾಡಿದ ಬನ್ನಿ ಎಲೆಗಳು. ಅಮ್ಮ ಎರಡು ಎಲೆ ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ಬಂಗಾರ ಕಣೋ, ತುಳಿಯಬೇಡ" ಎಂದಳು.

ಅವಳು ಹುಟ್ಟಿ ಬೆಳೆದದ್ದು ದುರ್ಗಿಗುಡಿಯಲ್ಲಿ. ಜೈಲೆಂದರೆ ಅವಳಿಗೆ ಶಾಲೆಯ ದಾರಿಯಲ್ಲಿ ಸಿಗುತ್ತಿದ್ದ ಉದ್ದನೆಯ ಗೋಡೆ. ಅದರ ಪಕ್ಕಕ್ಕೆ ಬಂದಾಗ ಹುಡುಗಿಯರೆಲ್ಲ ಮಾತು ನಿಲ್ಲಿಸಿ ಬಿರಬಿರನೆ ನಡೆಯುತ್ತಿದ್ದರಂತೆ. ಕೆಲವು ದಿನ ಹಳ್ಳಿಯ ಹೆಂಗಸರು ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಬಾಗಿಲ ಮುಂದೆ ಕಾಯುತ್ತಾ ಕೂತಿರುತ್ತಿದ್ದರು. ಯಾರನ್ನು ನೋಡಲು ಬಂದಿರಿ ಎಂದು ಅವರನ್ನು ಕೇಳಕೂಡದು ಎಂದು ಅಜ್ಜಿ ಕಟ್ಟುನಿಟ್ಟು ಮಾಡಿದ್ದಳು. ಅಮ್ಮ ಒಳಗೆ ಕಾಲಿಟ್ಟದ್ದು ಎಷ್ಟೋ ವರ್ಷಗಳ ಮೇಲೆ, ಜೈಲು ಸೋಗಾನೆಗೆ ಹೋಗಿ ಈ ಜಾಗ ಫ್ರೀಡಂ ಪಾರ್ಕ್ ಆದ ಬಳಿಕ.

ಈಗ ದಸರೆಯ ಕೊನೆಯ ದಿನ ಕೋಟೆಯ ಶಿವಪ್ಪನಾಯಕ ಅರಮನೆಯಿಂದ ಹೊರಡುವ ಮೆರವಣಿಗೆ ಇಲ್ಲಿಗೇ ಬಂದು ಸೇರುತ್ತದೆ. ಮುಂದೆ ಸಕ್ರೆಬೈಲಿನ ಆನೆಗಳು, ಹಿಂದೆ ಊರಿನ ದೇವರುಗಳು. ಅಂಬು ಹೊಡೆಯುವವರು ತಹಶೀಲ್ದಾರರು. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಹಿಡಿದ ಮೇಲೆ ಕೆಳದಿಯ ಅರಸೊತ್ತಿಗೆ ಮುಗಿಯಿತು. ಅರಸನಿಲ್ಲದ ಊರಿನಲ್ಲಿ ಆ ಕೆಲಸ ಕಂದಾಯದ ಅಧಿಕಾರಿಗೆ ಬಂದಿರುವುದು ನನಗೆ ತುಂಬಾ ಒಪ್ಪುತ್ತದೆ. ಕೆಳದಿಯ ಅರಸ ಶಿವಪ್ಪನಾಯಕನನ್ನು ಮಲೆನಾಡಿನ ರೈತರು ನೆನೆಯುವುದು ಅವನ ಕತ್ತಿಗಿಂತ ಹೆಚ್ಚಾಗಿ ಅವನ ಶಿಸ್ತಿಗಾಗಿ, ಭೂಮಿಯ ಗುಣ ನೋಡಿ ಕಂದಾಯ ಗೊತ್ತುಮಾಡಿದ್ದಕ್ಕಾಗಿ ಅಲ್ಲವೇ?

ಈ ವರ್ಷ ಜನವರಿ 12ರಂದು ಸರ್ಕಾರ ಯುವನಿಧಿ ಯೋಜನೆಗೆ ಚಾಲನೆ ಕೊಟ್ಟದ್ದೂ ಇಲ್ಲಿಯೇ. ಅದೇ ಹೊತ್ತಿಗೆ ಜಾಗಕ್ಕೆ ಅಲ್ಲಮಪ್ರಭುವಿನ ಹೆಸರು ಬಂತು. ಅಲ್ಲಮ ನಮ್ಮ ಜಿಲ್ಲೆಯವನು, ಶಿಕಾರಿಪುರದ ಕಡೆಯ ಬಳ್ಳಿಗಾವಿಯವನು ಎಂಬುದು ಎಲ್ಲರಿಗೂ ಗೊತ್ತು. ನನಗೆ ಹಿಡಿಸಿದ್ದು ಬೇರೆಯೇ. ಬಯಲು ಎಂಬ ಮಾತಿಗೆ ಅವನಷ್ಟು ಅರ್ಥ ತುಂಬಿದವರು ಕನ್ನಡದಲ್ಲಿ ಇನ್ನೊಬ್ಬರಿಲ್ಲ. ನಾಲ್ಕು ಗೋಡೆಯ ಜೈಲು ಬಯಲಾಗಿ, ಆ ಬಯಲಿಗೆ ಅವನ ಹೆಸರೇ ಒದಗಿದೆ! ಇದಕ್ಕಿಂತ ಒಳ್ಳೆಯ ಹೆಸರನ್ನು ಯಾರೂ ಹುಡುಕಲಾರರು.

ಆದರೂ ಆಟೊದವರಿಗೆ ಇದು ಇಂದಿಗೂ ಹಳೇ ಜೈಲು. ಹಾಗೆ ಕರೆಯುವುದು ತಪ್ಪೆಂದು ನನಗೆ ಅನಿಸುವುದಿಲ್ಲ. ಊರಿನ ಹೆಸರನ್ನೇ ನೋಡಿ: ಇಂಗ್ಲಿಷಿನಲ್ಲಿ ಅಧಿಕೃತವಾಗಿ ಶಿವಮೊಗ್ಗ ಎಂದಾದದ್ದು 2014ರ ನವೆಂಬರ್ 1ರಂದು, ನಮ್ಮ ಬಾಯಲ್ಲಿ ಅದು ಎಂದಿನಿಂದಲೂ ಶಿವಮೊಗ್ಗವೇ. ಅಲ್ಲಮನ ಹೆಸರು ಇರಲಿ, ಜೊತೆಗೆ ಜೈಲಿನ ನೆನಪೂ ಇರಲಿ. ಇಲ್ಲಿ ದಿನ ಎಣಿಸಿದವರು, ಅವರಿಗಾಗಿ ಬಿಸಿಲಿನಲ್ಲಿ ಕಾದವರು ಇದ್ದರೆಂದು ಹೇಳುವ ಒಂದು ಕಲ್ಲಾದರೂ ಬೇಕು. ಈ ವಾರವೇ ಜಿಲ್ಲಾಡಳಿತಕ್ಕೆ ಪತ್ರ ಬರೆಯುತ್ತೇನೆ.

ವಾಪಸು ಹೊರಟಾಗ ಅಮ್ಮ ಒಂದು ಕಡೆ ನಿಂತು, ಆ ಹೆಂಗಸರು ಕೂರುತ್ತಿದ್ದ ಜಾಗವನ್ನು ಕೈಮಾಡಿ ತೋರಿಸಿದಳು. ರಸ್ತೆಯಿಂದ ಎಷ್ಟು ಹೆಜ್ಜೆ ಎಂದು ಎಣಿಸಿ ಬರೆದುಕೊಂಡಿದ್ದೇನೆ.