ರೊಕ್ಕ ಹೋಯಿತು, ಪಾವತಿ ಬರಲಿಲ್ಲ

29 ಏಪ್ರಿಲ್ 2025, ಮಂಗಳವಾರ
ಹುಬ್ಬಳ್ಳಿ

ಮಧ್ಯಾಹ್ನ ಊರಿನ ಮನೆಪಟ್ಟಿ, ಅಂದರೆ ಮನೆಯ ಆಸ್ತಿ ತೆರಿಗೆ, ಆನ್‌ಲೈನ್‌ನಲ್ಲಿ ತುಂಬಿದೆ. ಹಣ ಕಡಿತವಾಯಿತು ಅನ್ನುವ ಮೆಸೇಜ್ ಬ್ಯಾಂಕಿನಿಂದ ಕೂಡಲೇ ಬಂತು. ಪಾವತಿ, ಅಂದರೆ ರಸೀದಿ, ಮಾತ್ರ ರಾತ್ರಿ ಊಟ ಮುಗಿದರೂ ಬಂದಿಲ್ಲ. ವೆಬ್‌ಸೈಟ್ ತೆರೆದು ನೋಡಿದರೆ 2025-26ರ ಮುಂದೆ ಇನ್ನೂ ‘ಬಾಕಿ’ ಅಂತಲೇ ಇದೆ.

ನಾಳೆ 30. ಏಪ್ರಿಲ್ ಒಳಗೆ ತುಂಬಿದವರಿಗೆ ಸಿಗುವ ಶೇ. 5 ರಿಯಾಯಿತಿಗೆ ಅದೇ ಕೊನೆಯ ದಿನ. ನಾಳೆಯೇ ಬಸವ ಜಯಂತಿ, ಕಚೇರಿಗೆ ರಜೆ. ನಾಡಿದ್ದು ಕಾರ್ಮಿಕರ ದಿನ, ಅದೂ ರಜೆ. ಕೆಲವು ವರ್ಷ ಸರ್ಕಾರ ಈ ಗಡುವು ಮುಂದೆ ಹಾಕಿದ್ದುಂಟು. ಅದನ್ನೇ ನೆಚ್ಚಿಕೊಂಡು ಕೂರೋಕಾಗಲ್ಲ.

ಹಾಗಂತ ಇದೇನು ದೊಡ್ಡ ರೊಕ್ಕವೂ ಅಲ್ಲ. ಸಣ್ಣ ಊರಿನ ಸಣ್ಣ ಮನೆ. ಶೇ. 5 ಅಂದರೆ ನೂರು ರೂಪಾಯಿ ಆಸುಪಾಸು. ದುರ್ಗದಬೈಲಿಗೆ ಹೋಗಿ ಇಬ್ಬರು ಗಿರಮಿಟ್ಟು, ಮಿರ್ಚಿ ತಿಂದರೆ ಮುಗೀತು. ಆದರೆ ಅವ್ವನ ಲೆಕ್ಕ ಬೇರೆ. ಅಪ್ಪ ಇರುವವರೆಗೆ ಪಟ್ಟಿ ಏಪ್ರಿಲ್ ದಾಟಿದ್ದೇ ಇಲ್ಲ. ಈಗ ದಾಟಿದರೆ ಆಕೆ ಬಾಯಿಬಿಟ್ಟು ಏನೂ ಅನ್ನಲ್ಲ, ಸುಮ್ನೆ ನೋಡ್ತಾಳೆ. ಅದು ಇನ್ನೂ ಕಷ್ಟ.

ಮನೆ ಇರುವುದು ಹಾವೇರಿ ಜಿಲ್ಲೆಯ ಒಂದು ಪುರಸಭೆಯ ಊರಿನಲ್ಲಿ. ಊರಿನ ಹೆಸರು ಬೇಡ, ಅಲ್ಲಿನ ಗುಮಾಸ್ತರ ಮೇಲೆ ನನಗೇನೂ ಸಿಟ್ಟಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆ ಹುಬ್ಬಳ್ಳಿಗೆ ಬಂದಳು, ಅಲ್ಲಿ ಬೀಗ ಬಿತ್ತು. “ಆನ್‌ಲೈನ್ ಐತೆಲ್ಲ, ಕುಂತಲ್ಲೇ ತುಂಬು” ಅಂದವರೇ ಎಲ್ಲರೂ.

ಕುಂತಲ್ಲೇ ತುಂಬಲು ಮೊದಲು ಆಸ್ತಿ ಸಂಖ್ಯೆ ಬೇಕು. ನಮ್ಮ ಮನೆಗೆ ನಂಬರಿನ ಕೊರತೆ ಇಲ್ಲ. ಖರೀದಿ ಪತ್ರದಲ್ಲಿ ಸಿಟಿಎಸ್ ನಂಬರ್ ಇದೆ. ಮುಂಬೈ ಸರ್ಕಾರದ ಕಾಲದ ಆ ಸಿಟಿ ಸರ್ವೆ ನಮ್ಮ ಕಡೆ ಇವತ್ತಿಗೂ ನಡೆಯುತ್ತದೆ. ಹಳೆ ಪಾವತಿಗಳ ಮೇಲೆ ಪುರಸಭೆ ಕೊಟ್ಟ ಮನೆ ನಂಬರ್ ಇದೆ. ಬಾಗಿಲ ಚೌಕಟ್ಟಿನ ಮೇಲೆ ಯಾವ ಸರ್ವೆಯವರು ಬಂದು ಬರೆದರೋ, ಕೆಂಪು ಬಣ್ಣದಲ್ಲಿ ಇನ್ನೊಂದು. ವೆಬ್‌ಸೈಟಿಗೆ ಇವು ಯಾವುವೂ ಬೇಡ. ಕಂಪ್ಯೂಟರ್ ಕೊಟ್ಟ ಹೊಸ ಸಂಖ್ಯೆಯೇ ಬೇಕು. ಅದು ಎಲ್ಲಿರುತ್ತದೆ? ಹೊಸ ಪಾವತಿಯ ಮೇಲೆ. ಹೊಸ ಪಾವತಿ ಯಾವಾಗ ಸಿಗುತ್ತದೆ? ಪಟ್ಟಿ ತುಂಬಿದ ಮೇಲೆ!

ಹೆಸರು ಹಾಕಿ ಹುಡುಕುವ ದಾರಿಯೂ ಇದೆ. ಅಪ್ಪನ ಹೆಸರು ಹಾಕಿದರೆ ‘ಮಾಹಿತಿ ಲಭ್ಯವಿಲ್ಲ’. ನಮ್ಮ ಅಡ್ಡಹೆಸರಿನಲ್ಲಿ ಒಂದು ದೀರ್ಘ ಬರುತ್ತದೆ. ಕಂಪ್ಯೂಟರಿಗೆ ಏರಿಸಿದವರು ಅದನ್ನು ಹ್ರಸ್ವ ಮಾಡಿದ್ದರು, ಹೆಸರು ಅಡ್ಡಹೆಸರು ಎರಡನ್ನೂ ಕೂಡಿಸಿ ಬರೆದಿದ್ದರು. ಇದನ್ನು ಕಂಡುಹಿಡಿದದ್ದು ಅಕ್ಕನ ಮಗ. ಮೊದಲಿನ ಎರಡು ಅಕ್ಷರ ಮಾತ್ರ ಹಾಕಿ, ಬಂದ ಉದ್ದನೆಯ ಪಟ್ಟಿಯಲ್ಲಿ ಅಜ್ಜನನ್ನು ಹುಡುಕಿ ತೆಗೆದ.

ಸಿಕ್ಕಿತಲ್ಲ ಅಂತ ನೋಡಿದರೆ 2021-22 ಮತ್ತು 2022-23ರ ಪಟ್ಟಿ ಬಾಕಿ ಅಂತ ತೋರಿಸಿತು. ಜೊತೆಗೆ ಬಡ್ಡಿ. ನಿಯಮ ಹೀಗಿದೆ: ಏಪ್ರಿಲ್‌ನಲ್ಲಿ ತುಂಬಿದರೆ ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ಇದ್ದಷ್ಟು, ಜುಲೈಯಿಂದ ತಿಂಗಳಿಗೆ ಶೇ. 2. ನಮ್ಮ ಊರಿನ ಲೆಕ್ಕದಲ್ಲಿ ಹೇಳಬೇಕು ಅಂದರೆ ಎರಡು ರೂಪಾಯಿ ಬಡ್ಡಿ. ವರ್ಷಕ್ಕೆ ಶೇ. 24 ಆಯಿತು. ತುಂಬದವರಿಗೆ ಬೀಳಲಿ, ತಕರಾರಿಲ್ಲ. ಅಪ್ಪ ತುಂಬಿದ್ದಾರಲ್ಲ! ಬ್ಯಾಂಕಿನಲ್ಲಿ ಚಲನ್ ಕಟ್ಟಿ, ಸೀಲು ಹೊಡೆಸಿಕೊಂಡು ಬಂದಿದ್ದಾರೆ. ಈ ಬಾಕಿ ತುಂಬದೆ ಈ ವರ್ಷದ್ದು ತೆಗೆದುಕೊಳ್ಳಲ್ಲ ಅಂತ ವೆಬ್‌ಸೈಟ್ ಹಟ ಹಿಡಿಯಿತು.

ಅವ್ವ ಟ್ರಂಕಿನಿಂದ ತಂತಿ ತೆಗೆದಳು. ಅಪ್ಪ ಪಾವತಿಗಳನ್ನೆಲ್ಲ ಒಂದು ಕೊಕ್ಕೆ ತಂತಿಗೆ ಚುಚ್ಚಿ ಇಡುತ್ತಿದ್ದರು. ಮನೆಪಟ್ಟಿ, ನೀರಪಟ್ಟಿ, ಲೈಟ್ ಬಿಲ್ಲು, ಎಲ್ಲ ಒಂದರ ಮೇಲೊಂದು. ಕೆಳಗಿನವು ಹಳದಿಯಾಗಿ ಮುರುಕಲಾಗಿವೆ. ಅವುಗಳ ಮೇಲೆ ‘ಜಿಲ್ಲಾ ಧಾರವಾಡ’ ಅಂತಿದೆ, ಹಾವೇರಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ ಅಲ್ವಾ. ನಮಗೆ ಬೇಕಾದವು ಮೇಲೆಯೇ ಇದ್ದವು. ಫೋಟೋ ತೆಗೆದು ಪುರಸಭೆಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಒರಿಜಿನಲ್ ತನ್ನಿ ಅಂತ ಉತ್ತರ ಬಂತು.

ಹಾಗಾಗಿ ಕುಂತಲ್ಲೇ ತುಂಬುವ ಕೆಲಸಕ್ಕೆ ಇವತ್ತಿಗಿಂತ ಮೊದಲೇ ಒಮ್ಮೆ ಗೋಕುಲ ರಸ್ತೆಯ ಬಸ್ ನಿಲ್ದಾಣಕ್ಕೆ ಹೋಗಿ, ಶಿಗ್ಗಾವಿ, ಬಂಕಾಪುರದ ಮೇಲಿನ ಬಸ್ಸು ಹಿಡಿದೆ.

ಗುಮಾಸ್ತರು ಚಲನ್ ನೋಡಿದರು. ಎದ್ದು ಹೋಗಿ ದಪ್ಪ ರಿಜಿಸ್ಟರ್ ತಂದು ಪುಟ ತಿರುವಿದರು. ಬ್ಯಾಂಕಿನಿಂದ ಬಂದ ಅದೇ ಚಲನ್‌ನ ಪ್ರತಿ ಅಲ್ಲೇ ಅಂಟಿತ್ತು. “ನಿಮ್ದು ಬಂದೈತ್ರಿ. ಸಿಸ್ಟಮ್‌ನ್ಯಾಗ ಏರ್ಸಿಲ್ಲ ಅಷ್ಟ” ಅಂದರು. ಅವರ ಮೇಜಿನ ಪಕ್ಕ ಇನ್ನೂ ಏರಿಸದ ಚಲನ್‌ಗಳ ಕಟ್ಟು ನನ್ನ ಮೊಣಕಾಲೆತ್ತರ ಇತ್ತು. ಏರಿಸುವ ಹುಡುಗ ಗುತ್ತಿಗೆಯವನು, ಬಿಟ್ಟು ಹೋಗಿದ್ದಾನಂತೆ. ಅವರೇ ಕೂತು ಒಂದೊಂದೇ ಬೆರಳಿನಲ್ಲಿ ಟೈಪ್ ಮಾಡಿ ನಮ್ಮದನ್ನು ಸರಿಮಾಡಿದರು. ಒಳ್ಳೆ ಮನುಷ್ಯ. “ಪಾವತಿ ಇಟ್ಟಿದ್ರಿ, ಪಾರಾದ್ರಿ” ಅಂದರು.

ನನ್ನ ಹಿಂದೆ ನಿಂತಿದ್ದ ಹಿರಿಯರ ಹತ್ತಿರ ಪಾವತಿ ಇರಲಿಲ್ಲ. ಮಳೆಗೆ ಗೋಡೆ ಕುಸಿದಾಗ ಕಾಗದ ಎಲ್ಲ ಹೋಗಿವೆಯಂತೆ. ಯಾವ ತಿಂಗಳು, ಯಾವ ಬ್ಯಾಂಕು ಅಂತ ಹೇಳಿದರೆ ಹುಡುಕಬಹುದು ಅಂದರು ಗುಮಾಸ್ತರು. ಅಜ್ಜನಿಗೆ ನೆನಪಿಲ್ಲ. “ಇನ್ನೊಮ್ಮೆ ತುಂಬ್ತೀನಿ ಬಿಡ್ರಿ, ಯಾರು ಅಡ್ಡಾಡ್ತಾರ” ಅಂದುಬಿಟ್ಟರು. ಬಡ್ಡಿ ಸಮೇತ.

ನಾವು ಯಾವಾಗಲೂ ಸರ್ವರ್‌ಗೆ ಬೈತೀವಿ. ಪಾಪ, ಸರ್ವರ್ ಏನು ಮಾಡೀತು. ಅದರ ಹಿಂದೆ ಇರುವುದು ಅದೇ ಹಳೆ ರಿಜಿಸ್ಟರ್. ಮೊದಲು ಕೌಂಟರಿಗೆ ಹೋದರೆ ಗುಮಾಸ್ತ ಮುಖ ನೋಡಿ, ಇವರ ಮನೆ ಯಾವ ಓಣಿ ಅಂತ ನೆನಪಿಸಿಕೊಂಡು ಪುಟ ತೆಗೆಯುತ್ತಿದ್ದ. ತಪ್ಪಿದ್ದರೆ ಅಲ್ಲೇ ಜಗಳ, ಅಲ್ಲೇ ಪರಿಹಾರ. ಈಗ ಕಚೇರಿ ಏರಿಸದೆ ಬಿಟ್ಟದ್ದು ನಮ್ಮ ಬಾಕಿಯಾಗಿ ಕಾಣುತ್ತದೆ. ತುಂಬಿದ್ದೇವೆ ಅಂತ ತೋರಿಸುವ ಹೊಣೆ ನಮ್ಮ ಮೇಲೆ. ನನಗೆ ಬೇಜಾರಿರುವುದು ಇದೊಂದಕ್ಕೇ. ಹಳೆಯದನ್ನು ಪೂರಾ ಏರಿಸುವವರೆಗೆ ಅದರ ಮೇಲೆ ಬಡ್ಡಿ ತೋರಿಸಬಾರದು. ‘ಕಚೇರಿಯಲ್ಲಿ ಪರಿಶೀಲಿಸಿ’ ಅಂತ ಒಂದು ಸಾಲು ಹಾಕಿದ್ದರೂ ಆ ಅಜ್ಜನ ರೊಕ್ಕ ಉಳಿಯುತ್ತಿತ್ತು.

ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕಚೇರಿಗಿಂತ ಜಾಸ್ತಿ ಜನ ಇದ್ದರು. ಐವತ್ತು ರೂಪಾಯಿ ತೆಗೆದುಕೊಂಡು ಆನ್‌ಲೈನ್ ತುಂಬಿಕೊಡುತ್ತಾರೆ. ಕೌಂಟರಿನ ಪಾಳಿ ಹೀಗೆ ರಸ್ತೆ ದಾಟಿ ಬಂದಿದೆ. ಆ ಹುಡುಗನಿಗೆ ಗೊತ್ತಿರುವುದು ಯಾವ ಸಹಾಯವಾಣಿಗೂ ಗೊತ್ತಿರಲಿಕ್ಕಿಲ್ಲ. ತಿಂಗಳ ಕೊನೆಗೆ ಹಗಲು ತುಂಬಬೇಡಿ, ರೊಕ್ಕ ಹೋಗುವಾಗ ರಿಫ್ರೆಶ್ ಒತ್ತಬೇಡಿ, ಫೋನ್ ಕರೆ ಬಂದರೆ ಎತ್ತಬೇಡಿ. ನಾನು ಎಲ್ಲ ಪಾಲಿಸಿದೆ, ಹಗಲಿನದೊಂದು ಬಿಟ್ಟು. ಹಗಲು ಬಿಟ್ಟರೆ ಬೇರೆ ಹೊತ್ತಿನಲ್ಲಿ ಪುಟವೇ ತೆರೆಯುತ್ತಿರಲಿಲ್ಲ.

ಇವತ್ತಿನ ಫಾರ್ಮ್ ತುಂಬುವಾಗಲೂ ಒಂದು ಮಜಾ ಆಯಿತು. ಛಾವಣಿ ಯಾವುದು ಅಂತ ಕೇಳುತ್ತದೆ. ಆರ್‌ಸಿಸಿ ಇದೆ, ಹಂಚು ಇದೆ, ಶೀಟ್ ಇದೆ. ನಮ್ಮದು ಮಣ್ಣಿನ ಮಾಳಿಗೆ ಮನೆ, ಮೇಲೆ ಮಣ್ಣು ಹಾಸಿದ ಚಪ್ಪಟೆ ಛಾವಣಿ. ಉತ್ತರ ಕರ್ನಾಟಕದ ಎಷ್ಟೋ ಹಳೆ ಮನೆಗಳು ಹಾಗೇ ಇವೆ, ಫಾರ್ಮಿನಲ್ಲಿ ಮಾತ್ರ ಮಾಳಿಗೆ ಇಲ್ಲ. ಗುಮಾಸ್ತರಿಗೆ ಫೋನ್ ಮಾಡಿದರೆ “ಹಂಚು ಹಾಕ್ರಿ” ಅಂದರು. ಹಾಕಿದೆ. ಸರ್ಕಾರದ ಲೆಕ್ಕದಲ್ಲಿ ಇವತ್ತಿನಿಂದ ನಮ್ಮದು ಹಂಚಿನ ಮನೆ.

ತೆರಿಗೆಯ ಕೆಳಗೆ ಕರಗಳ ಸಾಲು ಬಂತು. ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಗ್ರಂಥಾಲಯದ ಕರ 1965ರ ಕಾಯ್ದೆಯಿಂದ ಬಂದದ್ದು. ಊರಿನ ಆ ಲೈಬ್ರರಿಯಲ್ಲಿ ನಾನು ಬೇಸಿಗೆ ರಜೆ ಪೂರ್ತಿ ಕಳೆದಿದ್ದೇನೆ, ಫ್ಯಾನ್ ಇದ್ದ ಕಾರಣಕ್ಕೆ. ಹಾಗಾಗಿ ನೂರಕ್ಕೆ ಆ ಆರು ರೂಪಾಯಿ ಕೊಡಲು ಬೇಜಾರಿಲ್ಲ.

ಆಮೇಲೆ ಯುಪಿಐ. ಪಿನ್ ಹಾಕಿದೆ. ‘ಹಿಂದಕ್ಕೆ ಹೋಗಬೇಡಿ’ ಅನ್ನುವ ಪುಟದಲ್ಲಿ ಚಕ್ರ ತಿರುಗಿತು, ತಿರುಗಿತು, ‘ಸೆಷನ್ ಮುಗಿದಿದೆ’ ಅಂತ ಬಂತು. ಸ್ಥಿತಿ ನೋಡುವ ಪುಟದಲ್ಲಿ ‘ಪೆಂಡಿಂಗ್’.

ಇಲ್ಲಿ ಎರಡು ಬಗೆ ಇದೆ. ಹಣ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದರೆ ತಾನೇ ವಾಪಸ್ ಬರಬೇಕು. ಆರ್‌ಬಿಐ 2019ರ ಸುತ್ತೋಲೆ ಪ್ರಕಾರ ಇಂಥ ಯುಪಿಐ ವ್ಯವಹಾರ ದೃಢವಾಗದಿದ್ದರೆ ಅದು ನಡೆದ ದಿನದ ನಂತರ 5 ದಿನದೊಳಗೆ ಹಣ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಬ್ಯಾಂಕೇ ಕೊಡಬೇಕು. ಆದರೆ ಹಣ ಆಗಲೇ ಸರ್ಕಾರದ ಖಾತೆ ಮುಟ್ಟಿದ್ದರೆ? ಆಗ ವಾಪಸ್ ಬರುವ ಮಾತೇ ಇಲ್ಲ, ಯಾರೋ ಅದನ್ನು ನಮ್ಮ ಮನೆಯ ನಂಬರಿಗೆ ಜೋಡಿಸಬೇಕು. ಯಾವ ಬಗೆ ಅಂತ ತಿಳಿಯದೆ ಇನ್ನೊಮ್ಮೆ ತುಂಬಿದರೆ ಡಬಲ್ ಹೋಗುತ್ತದೆ. ಸಂಜೆ ಫೋನ್ ಮಾಡಿದಾಗ ಗುಮಾಸ್ತರು “ಎರಡು ದಿನ ನೋಡ್ರಿ, ಬರ್ತೈತಿ” ಅಂದರು. ಎರಡು ದಿನ ಅಂದರೆ ಮೇ ತಿಂಗಳು. ತುಂಬಿದ ದಿನ ಯಾವುದು ಅಂತ ಹಿಡಿಯುತ್ತಾರೆ, ನನ್ನ ಖಾತೆಯಿಂದ ಹೋದ ದಿನವೋ, ಅವರಿಗೆ ಕಂಡ ದಿನವೋ ಅಂತ ಕೇಳಿದೆ. ಅವರೂ ನಕ್ಕರು.

ಅವ್ವ ಇನ್ನೊಮ್ಮೆ ತುಂಬಿಬಿಡು ಅಂದಳು. ನಾನು ಒಪ್ಪಿಲ್ಲ. ನೂರು ರೂಪಾಯಿ ಉಳಿಸಲು ಎರಡು ಸಾವಿರದ ಮೇಲೆ ಸಿಕ್ಕಿಸುವುದು ಯಾವ ಲೆಕ್ಕ? ಬ್ಯಾಂಕಿನ ಮೆಸೇಜ್, ಹಣ ಹೋದದ್ದರ ಗುರುತಿಗೆ ಬ್ಯಾಂಕ್ ಕೊಡುವ ಯುಟಿಆರ್ ನಂಬರ್, ‘ಪೆಂಡಿಂಗ್’ ಪುಟದ ಸ್ಕ್ರೀನ್‌ಶಾಟ್, ಮೂರನ್ನೂ ಸಹಾಯವಾಣಿಯ ಇಮೇಲ್‌ಗೆ ಇವತ್ತಿನ ತಾರೀಖಿನಲ್ಲೇ ಕಳಿಸಿದೆ. ನಾಳೆ ಸಾಯಂಕಾಲದವರೆಗೆ ನೋಡ್ತೀನಿ.

ಬರದಿದ್ದರೆ ಶುಕ್ರವಾರ ಬೆಳಗಿನ ಬಸ್ಸು. ಹೆಂಗೂ ಹೋಗಬೇಕು, ಆಸ್ತಿಯ ಉತಾರ ಪತ್ರದಲ್ಲಿ ಮಾಲೀಕರು ಅಂತ ಇನ್ನೂ ಅಪ್ಪನ ಹೆಸರೇ ಇದೆ. ವಾರಸಾ ಮಾಡಿಸಲು, ಅಂದರೆ ವಾರಸುದಾರರ ಹೆಸರು ಏರಿಸಲು, ಮರಣ ಪತ್ರ ಕೈಯಲ್ಲಿದೆ, ವಂಶಾವಳಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಅದಕ್ಕೂ ಆನ್‌ಲೈನ್ ಇದೆಯಂತೆ. ಅಡ್ಡಹೆಸರಿನ ದೀರ್ಘವನ್ನು ಈ ಸಲ ನಾನೇ ಎದುರಿಗೆ ನಿಂತು ಬರೆಸ್ತೀನಿ.