ಕೋಳಿಯೂ ಬಾತುಕೋಳಿಯೂ ಮಾತಿಗೆ ಕೂತಾಗ

ಹಾಂಗ್‌ಕಾಂಗ್ ಮೂಲದ ಶಿಕ್ಷಕಿಯೊಬ್ಬರ ಬಳಿ ಅಲ್ಲಿನ ಚೀನೀ ನುಡಿಯಾದ ಕ್ಯಾಂಟನೀಸ್ ಕಲಿಯುತ್ತಿದ್ದಾಗ, ಎಷ್ಟು ಹೇಳಿದರೂ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದ ಗೆಳೆಯನ ವಿಷಯ ತೆಗೆದು, ‘ಗೈ ತುಂಗ್ ಆಪ್ ಗೋಂಗ್’ ಎಂದುಬಿಟ್ಟೆ. ಅವರು ಅಲ್ಲೇ ತಡೆದು, ‘ನಿಮ್ಮ ಮಾತು ಅವರಿಗೆ ಅರ್ಥವಾಗಿತ್ತಲ್ಲವೇ?’ ಎಂದು ಕೇಳಿದರು. ಅರ್ಥವಾಗಿತ್ತು, ಒಪ್ಪಲಿಲ್ಲ ಅಷ್ಟೆ ಎಂದೆ. ‘ಹಾಗಾದರೆ ಈ ಮಾತು ಅಲ್ಲಿ ಸಲ್ಲುವುದಿಲ್ಲ’ ಎಂದರು.

‘ಗೈ’ ಎಂದರೆ ಕೋಳಿ, ‘ಆಪ್’ ಎಂದರೆ ಬಾತುಕೋಳಿ, ‘ತುಂಗ್’ ಎಂದರೆ ಜೊತೆ, ‘ಗೋಂಗ್’ ಎಂದರೆ ಮಾತನಾಡು. ಕೋಳಿ ಬಾತುಕೋಳಿಯೊಡನೆ ಮಾತಿಗಿಳಿದಂತೆ ಎಂದು ಒಟ್ಟರ್ಥ. ನಾನು ಇದನ್ನು ‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂಬ ನಮ್ಮ ಗಾದೆಗೆ ಸಮವೆಂದು ಭಾವಿಸಿದ್ದೆ. ಆದರೆ ಕಿನ್ನರಿಯ ಗಾದೆಯಲ್ಲಿ ಕೊರತೆಯೆಲ್ಲ ಕೋಣನದು. ಆ ಅರ್ಥಕ್ಕೆ ಚೀನೀಯರಲ್ಲಿ ಹಸುವಿಗೆ ತಂತಿವಾದ್ಯ ನುಡಿಸುವ ಬೇರೆಯೇ ನುಡಿಗಟ್ಟಿದೆ. ಕೋಳಿ, ಬಾತುಕೋಳಿಗಳಾದರೋ ಸರಿಸಮಾನರು. ಎರಡೂ ಮನಸಾರೆ ಮಾತನಾಡುತ್ತಿವೆ, ಒಂದರ ನುಡಿ ಇನ್ನೊಂದಕ್ಕೆ ತಲುಪುತ್ತಿಲ್ಲ. ಆದ್ದರಿಂದ ಭಾಷೆ ಬಾರದ ಇಬ್ಬರ ನಡುವೆಯೂ, ಒಂದೇ ಭಾಷೆಯಲ್ಲಿ ಬೇರೆ ಬೇರೆ ವಿಷಯ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುವವರ ನಡುವೆಯೂ ಇದು ಸಲ್ಲುತ್ತದೆ. ಹಟಮಾರಿಗೆ ಸಲ್ಲದು, ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥಮಾಡಿಕೊಂಡೇ ಆಡುವ ಜಗಳಕ್ಕೂ ಸಲ್ಲದು.

ಉಚ್ಚಾರಣೆಯಲ್ಲೂ ಎಚ್ಚರ ಬೇಕು. ಕ್ಯಾಂಟನೀಸ್‌ನಲ್ಲಿ ದನಿಯ ಏರಿಳಿತ, ಅಂದರೆ ಸ್ವರ, ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಅದರ 6 ಸ್ವರಗಳಲ್ಲಿ ಈ ನಾಲ್ಕು ಪದಗಳು ನಾಲ್ಕು ಬೇರೆ ಬೇರೆ ಸ್ವರಗಳನ್ನು ಬೇಡುತ್ತವೆ: ‘ಗೈ’ ಎತ್ತರದಲ್ಲಿ ನಿಲ್ಲುತ್ತದೆ, ‘ತುಂಗ್’ ತಗ್ಗಿಗೆ ಇಳಿಯುತ್ತದೆ, ‘ಆಪ್’ ನಡುಮಟ್ಟದಲ್ಲಿ ತುಟಿ ಮುಚ್ಚುತ್ತಲೇ ನಿಂತುಹೋಗುತ್ತದೆ, ‘ಗೋಂಗ್’ ಮೇಲಕ್ಕೇರುತ್ತದೆ.

ಸ್ವರದ ದೆಸೆಯಿಂದಲೇ ಇದರ ಸರಿಯಾದ ಬಳಕೆ ನನಗೆ ಮನದಟ್ಟಾಯಿತು. ‘ಮಾಯ್’ ಎಂಬುದನ್ನು ತಗ್ಗಿನಿಂದ ಏರಿಸಿದರೆ ಕೊಳ್ಳುವುದು, ತಗ್ಗಿನಲ್ಲೇ ಸಮವಾಗಿ ಹಿಡಿದರೆ ಮಾರುವುದು. ಹಳೆಯ ಸೈಕಲ್ಲೊಂದನ್ನು ಕೊಳ್ಳಬೇಕೆಂದಿದ್ದೇನೆ ಎಂದು ನಾನು ಹೇಳಲು ಹೋದದ್ದು ಶಿಕ್ಷಕಿಯ ಕಿವಿಗೆ ಮಾರಬೇಕೆಂದು ಕೇಳಿಸಿತ್ತು. ಎಷ್ಟು ವರ್ಷ ಓಡಿಸಿದ್ದೀರಿ ಎಂದರು. ನನ್ನ ರೂಢಿಯ ಬಗ್ಗೆ ಕೇಳುತ್ತಿದ್ದಾರೆಂದುಕೊಂಡು 15 ವರ್ಷ ಎಂದೆ. ಅಷ್ಟು ಹಳೆಯದಾದರೆ ಕಷ್ಟ ಎಂದರು. ಹಳೆಯದೇ ಬೇಕಾಗಿರುವುದು ಎಂದೆ. ಇಬ್ಬರೂ ಸುಮ್ಮನಾಗಿ ಮುಖ ಮುಖ ನೋಡಿಕೊಂಡೆವು. ಆಗ ಅವರು ನಕ್ಕು, ‘ಗೈ ತುಂಗ್ ಆಪ್ ಗೋಂಗ್’ ಎಂದು ಹೇಳಿ, ಹಾಂಗ್‌ಕಾಂಗ್‌ನವರು ಅದರ ಬಾಲಕ್ಕೆ ಸೇರಿಸುವ ‘ಙಾನ್ ಲುಕ್ ಲುಕ್’ ಎಂಬುದನ್ನೂ ಕಲಿಸಿದರು: ಕಣ್ಣರಳಿಸಿಕೊಂಡು ಮಿಕಮಿಕ ನೋಡುವುದು.