ರಿಹರ್ಸಲ್‌ನಲ್ಲಿ ಮಾತು ಉಳಿಸಬೇಕಾದರೆ ಮೊದಲೇ ಮಾಡಬೇಕಾದ ಕೆಲಸ

ನಾನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಕೆಸ್ಟ್ರಾ ಕಂಡಕ್ಟರ್. ಎದುರಿಗೆ ನಿಂತು ಕೈಯಾಡಿಸಿ ವಾದಕರನ್ನು ನಡೆಸುವುದು ನನ್ನ ಕೆಲಸ. ಆರ್ಕೆಸ್ಟ್ರಾಗೆ ಸಂಗೀತವನ್ನೂ ಬರೆಯುತ್ತೇನೆ. ಈ ಎರಡೂ ಕೆಲಸ ಮಾಡಬೇಕು ಅಂತ ಆಸೆ ಇರುವ ಎಳೆಯರು ಸಿಕ್ಕಾಗೆಲ್ಲ ಒಂದೇ ಮಾತು ಕೇಳುತ್ತಾರೆ: ಕಂಡಕ್ಟಿಂಗ್ ಎಲ್ಲಿ ಕಲಿಯೋದು, ಕಂಪೋಸಿಂಗ್ ಎಲ್ಲಿ ಕಲಿಯೋದು? ಕಾಲೇಜುಗಳಿವೆ, ಕೋರ್ಸ್‌ಗಳಿವೆ, ಅವು ಬೇಕೇ ಬೇಕು. ಆದರೆ ಎರಡೂ ಕೆಲಸಗಳ ಗಟ್ಟಿ ಪಾಠ ನನಗೆ ಸಿಕ್ಕಿದ್ದು ರಿಹರ್ಸಲ್ ಹಾಲ್‌ನಲ್ಲಿ. ಅಲ್ಲಿ ಸಮಯ ಎಷ್ಟು ಕಮ್ಮಿ ಅಂತ ಗೊತ್ತಾದ ಮೇಲೆ ನಾನು ಬರೆಯುವ ರೀತಿ, ಕೈ ಆಡಿಸುವ ರೀತಿ, ಮಾತಾಡುವ ರೀತಿ ಮೂರೂ ಬದಲಾದವು.

ಲೆಕ್ಕ ಹೀಗಿದೆ. ವೃತ್ತಿಪರ ಆರ್ಕೆಸ್ಟ್ರಾದಲ್ಲಿ ಒಂದು ರಿಹರ್ಸಲ್ ಅಂದರೆ ಸಾಮಾನ್ಯವಾಗಿ ಎರಡೂವರೆ ಅಥವಾ ಮೂರು ಗಂಟೆ. ಅದರೊಳಗೇ ಬ್ರೇಕ್. ಹೊತ್ತು ಮೀರಿದರೆ ಹೆಚ್ಚುವರಿ ದುಡ್ಡು ಕೊಡಬೇಕು, ಹಾಗಾಗಿ ಸಾಮಾನ್ಯವಾಗಿ ಮೀರಲು ಬಿಡುವುದಿಲ್ಲ. ಒಂದು ಸಂಗೀತ ಕಛೇರಿಗೆ ಇಂಥ ಮೂರೋ ನಾಲ್ಕೋ ರಿಹರ್ಸಲ್ ಸಿಗುತ್ತವೆ. ಕಾರ್ಯಕ್ರಮದಲ್ಲಿ ಒಂದು ದೊಡ್ಡ ಸಿಂಫನಿ (ಇಡೀ ಆರ್ಕೆಸ್ಟ್ರಾಗೆ ಬರೆದ ದೀರ್ಘ ಕೃತಿ), ಒಂದು ಕಂಚೆರ್ಟೊ (ಒಬ್ಬ ಸೋಲೋಯಿಸ್ಟ್ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಇರುತ್ತದೆ. ಜೊತೆಗೆ 10-12 ನಿಮಿಷದ ಒಂದು ಹೊಸ ಕೃತಿ. ಸಿಂಫನಿ ಮತ್ತು ಸೋಲೋಯಿಸ್ಟ್‌ಗೆ ಬೇಕಾದ ಹೊತ್ತು ಕಳೆದು ಉಳಿದದ್ದು ಹೊಸ ಕೃತಿಯ ಪಾಲು. ಒಂದು ಗಂಟೆ ಪೂರ್ತಿ ಸಿಕ್ಕರೆ ಪುಣ್ಯ. ಎದುರಿಗೆ 80-90 ಜನ ಕೂತಿರುತ್ತಾರೆ. ನಾನು ನಿಲ್ಲಿಸಿ ಒಂದು ನಿಮಿಷ ವಿವರಣೆ ಕೊಟ್ಟರೆ ಅಷ್ಟೂ ಜನ ವಾದ್ಯ ತೊಡೆ ಮೇಲಿಟ್ಟು ಸುಮ್ನೆ ಕೂರಬೇಕು.

ಹಾಗಾಗಿ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಹಾಳೆಯಲ್ಲಿ ಬರೆದು ತಿಳಿಸಬಹುದಾದದ್ದನ್ನು ರಿಹರ್ಸಲ್‌ಗೆ ಬಿಡುವುದಿಲ್ಲ. ಕೈಯಲ್ಲಿ ತೋರಿಸಬಹುದಾದದ್ದನ್ನು ಬಾಯಲ್ಲಿ ಹೇಳುವುದಿಲ್ಲ. ಈ ಎರಡೂ ಆದ ಮೇಲೆ ಉಳಿದದ್ದಕ್ಕೆ ಮಾತ್ರ ಮಾತು.

ಮೊದಲು ಹಾಳೆಯ ವಿಷಯ. ಹೊಸಬರು ಸ್ಕೋರ್ ಮೇಲೆ ಜೀವ ತೇಯುತ್ತಾರೆ. ಎಲ್ಲ ವಾದ್ಯಗಳೂ ಒಂದರ ಕೆಳಗೊಂದು ಕಾಣುವ ಆ ದೊಡ್ಡ ಪುಸ್ತಕ ನೋಡೋಕೆ ಚೆಂದ. ಆದರೆ ಅದನ್ನು ನೋಡುವವನು ಕಂಡಕ್ಟರ್ ಒಬ್ಬನೇ. ವಾದಕರ ಸ್ಟ್ಯಾಂಡ್ ಮೇಲೆ ಇರುವುದು ಅವರವರ ಪಾರ್ಟ್, ಅಂದರೆ ಅವರ ವಾದ್ಯದ ಸ್ವರಗಳಷ್ಟೇ ಇರುವ ಹಾಳೆ ಮಾತ್ರ. ಹಾರ್ನ್ ನುಡಿಸುವವರಿಗೆ ವಯೋಲಾದಲ್ಲಿ ಏನಿದೆ ಅಂತ ಕಾಣುವುದಿಲ್ಲ. ನಿಮ್ಮ ಕೃತಿ ಅವರ ಮಟ್ಟಿಗೆ ಆ ನಾಲ್ಕಾರು ಹಾಳೆ, ಅಷ್ಟೇ. ಅದನ್ನು ಕಂಪ್ಯೂಟರ್ ತಾನಾಗಿ ಕತ್ತರಿಸಿಕೊಟ್ಟ ಹಾಗೆಯೇ ಕಳಿಸಿದರೆ ರಿಹರ್ಸಲ್‌ನ ಮೊದಲ ಇಪ್ಪತ್ತು ನಿಮಿಷ ಪ್ರಶ್ನೆಗಳಲ್ಲೇ ಹೋಗುತ್ತದೆ.

ಪುಟ ತಿರುಗಿಸುವ ಜಾಗವನ್ನೇ ನೋಡಿ. ತಂತಿ ವಾದ್ಯದವರು ಒಂದು ಸ್ಟ್ಯಾಂಡ್‌ಗೆ ಇಬ್ಬರು ಕೂರುತ್ತಾರೆ. ಒಳಗಡೆ ಕೂತವರು ನುಡಿಸುವುದನ್ನು ನಿಲ್ಲಿಸಿ ಪುಟ ತಿರುಗಿಸುತ್ತಾರೆ. ಅಂದರೆ ಬಲಪುಟದ ಕೊನೆಯಲ್ಲಿ ವಿರಾಮ ಇಲ್ಲದಿದ್ದರೆ ಆ ಕ್ಷಣಕ್ಕೆ ಅರ್ಧ ಸೆಕ್ಷನ್ (ಒಂದೇ ವಾದ್ಯದವರ ಗುಂಪು) ಮಾಯ. ಎಲ್ಲ ಸ್ಟ್ಯಾಂಡ್‌ಗಳಲ್ಲೂ ಒಂದೇ ಪಾರ್ಟ್ ತಾನೇ, ಎಲ್ಲರೂ ಒಂದೇ ಹೊತ್ತಿಗೆ ತಿರುಗಿಸುತ್ತಾರೆ. ಸಂಗೀತ ಫೋರ್ಟಿಸ್ಸಿಮೊಗೆ, ಅಂದರೆ ತುಂಬ ಜೋರಿಗೆ, ಏರುತ್ತಿರುವಾಗ ಹೀಗಾದರೆ ಸದ್ದು ಕುಸಿಯುತ್ತದೆ, ಕಾರಣ ಸ್ಕೋರ್ ನೋಡಿದರೆ ಗೊತ್ತೇ ಆಗುವುದಿಲ್ಲ. ಗಾಳಿ ವಾದ್ಯದವರದು ಇನ್ನೂ ಕಷ್ಟ. ಒಬ್ಬೊಬ್ಬರಿಗೆ ಒಂದೊಂದು ಪಾರ್ಟ್, ಎರಡೂ ಕೈ ವಾದ್ಯದ ಮೇಲೆ. ಅವರ ಪುಟ ತಿರುಗಿಸಲು ಬೇರೆ ಯಾರೂ ಇಲ್ಲ. ನಾನು ಪ್ರತಿ ಪಾರ್ಟ್ ಕೈಯಲ್ಲಿ ಹಿಡಿದು, ವೇಗ ಎಣಿಸಿಕೊಡುವ ಮೆಟ್ರೊನೋಮ್ ಹಾಕಿ, ಪುಟ ತಿರುಗಿಸಿ ನೋಡುತ್ತೇನೆ. ಬೇಜಾರಿನ ಕೆಲಸವೇ. ಆದರೂ ಬೇರೆ ಯಾರ ಕೈಗೂ ಕೊಡುವುದಿಲ್ಲ.

ಇನ್ನೊಂದು ವಿಷಯ ಕ್ಯೂ, ಅಂದರೆ ಯಾವಾಗ ಶುರು ಮಾಡಬೇಕು ಅನ್ನುವ ಸುಳಿವು. ಟ್ರಾಂಬೋನ್‌ನವರು 70-80 ಬಾರ್ (ತಾಳದ ಒಂದೊಂದು ಸುತ್ತು) ಸುಮ್ಮನೆ ಎಣಿಸುತ್ತಾ ಕೂರುವುದು ಮಾಮೂಲು. ಹೊಸ ಕೃತಿ, ಕಿವಿಗೆ ಪರಿಚಯ ಇಲ್ಲ, ಮಧ್ಯೆ ತಾಳ ನಾಲ್ಕಾರು ಸಲ ಬದಲಾಗಿದೆ. ಎಣಿಕೆ ಒಂದು ಬಾರ್ ತಪ್ಪಿದರೂ ಎಲ್ಲ ಹೋಯಿತು. ಅವರು ನುಡಿಸುವ ಎರಡು ಬಾರ್ ಮುಂಚೆ ಓಬೋದಲ್ಲಿ ಏನು ಕೇಳುತ್ತದೆ ಅನ್ನುವುದನ್ನು ಸಣ್ಣ ಅಕ್ಷರದಲ್ಲಿ ಅವರ ಪಾರ್ಟ್‌ನಲ್ಲೇ ಹಾಕಿಕೊಟ್ಟರೆ ಅವರು ಧೈರ್ಯವಾಗಿ ಬರುತ್ತಾರೆ. ಧೈರ್ಯ ಇದ್ದರೆ ಮೊದಲ ಸ್ವರವೇ ಬೇರೆ ಥರ ಕೇಳುತ್ತದೆ. ಆದರೆ ಕ್ಯೂಗೆ ಆರಿಸುವ ವಾದ್ಯ ಅವರು ಕೂತ ಜಾಗಕ್ಕೆ ನಿಜವಾಗಿ ಕೇಳಿಸಬೇಕು. ಮುಂದಿನ ಸಾಲಿನಲ್ಲಿ ಒಂದೇ ಚೆಲ್ಲೋ ಮೆಲ್ಲಗೆ ನುಡಿಸುವುದನ್ನು ಕ್ಯೂ ಅಂತ ಹಾಕಿದರೆ ಏನೂ ಪ್ರಯೋಜನವಿಲ್ಲ.

ಇನ್ನು ಹಾರ್ಪ್, ಬೆರಳಲ್ಲಿ ಮೀಟುವ ದೊಡ್ಡ ತಂತಿ ವಾದ್ಯ. ಅದಕ್ಕೆ ಕಾಲಲ್ಲಿ ಒತ್ತುವ ಏಳು ಪೆಡಲ್. ಒಂದೊಂದು ಸ್ವರದ ಹೆಸರಿಗೆ ಒಂದೊಂದು. ಪ್ರತಿ ಪೆಡಲ್‌ಗೆ ಮೂರು ಜಾಗ: ಫ್ಲ್ಯಾಟ್ (ಅರ್ಧ ಸ್ವರ ಕೆಳಗೆ), ನ್ಯಾಚುರಲ್ (ಇದ್ದ ಹಾಗೆ), ಶಾರ್ಪ್ (ಅರ್ಧ ಸ್ವರ ಮೇಲೆ). ಡಿ, ಸಿ, ಬಿ ಎಡಗಾಲಿಗೆ. ಇ, ಎಫ್, ಜಿ, ಎ ಬಲಗಾಲಿಗೆ. ಪಿಯಾನೊ ಮುಂದೆ ಕೂತು ಬರೆದವರಿಗೆ ಇದು ನೆನಪಾಗುವುದಿಲ್ಲ. ಬೆರಳಿಗೆ ಸುಲಭ ಅನ್ನಿಸುವ ಸಾಲು ಕಾಲಿಗೆ ಆಗದ ಮಾತಾಗಿರುತ್ತದೆ. ಒಂದು ಬೀಟ್ (ತಾಳದ ಒಂದು ಎಣಿಕೆ) ಒಳಗೆ ಬಿ ಮತ್ತು ಸಿ ಎರಡೂ ಬದಲಾಗಬೇಕು ಅಂದರೆ ಒಂದೇ ಎಡಗಾಲು ಎರಡೂ ಕಡೆ ಹೋಗಬೇಕು. ನಾನು ಹಾರ್ಪ್ ಬರೆಯುವಾಗ ಮೇಜಿನ ಕೆಳಗೆ ಕಾಲಾಡಿಸಿ ನೋಡುತ್ತೇನೆ. ಆಮೇಲೂ ಹಾರ್ಪ್ ನುಡಿಸುವವರಿಗೆ ಮೊದಲೇ ಕಳಿಸಿ ಕೇಳುತ್ತೇನೆ. ಹೀಗೆ ಕೇಳಿದಾಗ ಒಬ್ಬರು, "ಈ ಸಿ ಫ್ಲ್ಯಾಟ್ ಬದಲು ಬಿ ನ್ಯಾಚುರಲ್ ಅಂತ ಬರೀರಿ, ಕೇಳೋಕೆ ಒಂದೇ, ನನ್ನ ಕಾಲು ಉಳಿಯುತ್ತೆ" ಅಂದರು. ಒಂದು ಸ್ವರದ ಹೆಸರು ಬದಲಾಯಿತು, ಇಡೀ ಪುಟ ಸಲೀಸಾಯಿತು. ಇದನ್ನೇ ರಿಹರ್ಸಲ್ ಮಧ್ಯೆ ಕೇಳಿದ್ದರೆ ಐದು ನಿಮಿಷ ಹೋಗುತ್ತಿತ್ತು.

ಪಾರ್ಟ್‌ಗಳು ವಾರಗಟ್ಟಲೆ ಮುಂಚೆ, ಆರ್ಕೆಸ್ಟ್ರಾದ ಹಾಳೆಗಳನ್ನು ನೋಡಿಕೊಳ್ಳುವ ಲೈಬ್ರೇರಿಯನ್ ಕೈ ಸೇರಬೇಕು. ಕಾನ್ಸರ್ಟ್‌ಮಾಸ್ಟರ್ (ಮೊದಲ ವಯಲಿನ್ ಗುಂಪಿನ ಮುಖ್ಯಸ್ಥರು) ಬೋ, ಅಂದರೆ ತಂತಿ ಉಜ್ಜುವ ಕೋಲು, ಮೇಲೆ ಹೋಗಬೇಕೋ ಕೆಳಗೆ ಬರಬೇಕೋ ಅಂತ ಗುರುತು ಹಾಕಿಕೊಡುತ್ತಾರೆ, ಅದನ್ನು ನೋಡಿ ಉಳಿದ ಸೆಕ್ಷನ್‌ಗಳ ಮುಖ್ಯಸ್ಥರು ತಮ್ಮದನ್ನು ಹಾಕುತ್ತಾರೆ. ಲೈಬ್ರೇರಿಯನ್ ಆ ಗುರುತುಗಳನ್ನೆಲ್ಲ ಪ್ರತಿ ಸ್ಟ್ಯಾಂಡ್‌ನ ಪ್ರತಿಗೂ ಇಳಿಸುತ್ತಾರೆ. 60 ಜನ ತಂತಿ ವಾದ್ಯದವರಿದ್ದರೆ ಸುಮಾರು 30 ಪ್ರತಿ. ಕಛೇರಿಯ ಪೋಸ್ಟರ್‌ನಲ್ಲಿ ಲೈಬ್ರೇರಿಯನ್ ಹೆಸರು ಇರುವುದಿಲ್ಲ. ನನ್ನ ವೃತ್ತಿಯಲ್ಲಿ ನಾನು ಜಾಸ್ತಿ ಋಣಿಯಾಗಿರುವುದು ಮಾತ್ರ ಲೈಬ್ರೇರಿಯನ್‌ಗಳಿಗೇ.

ಇನ್ನು ಕೈ. ಆರ್ಕೆಸ್ಟ್ರಾ ಶುರುವಾಗುವುದು ಮೊದಲ ಬೀಟ್‌ನಲ್ಲಿ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಿಜವಾಗಿ ಶುರುವಾಗುವುದು ಅದಕ್ಕೆ ಮುಂಚಿನ ಎತ್ತುವ ಕೈಯಲ್ಲಿ. ಬ್ಯಾಟನ್ (ಕಂಡಕ್ಟರ್ ಕೈಯ ಕೋಲು) ಎಷ್ಟು ಬೇಗ ಮೇಲೆ ಹೋಯಿತು ಅನ್ನುವುದರಲ್ಲಿ ವೇಗ ಇದೆ. ಎಷ್ಟು ದೂರ ಹೋಯಿತು ಅನ್ನುವುದರಲ್ಲಿ ಸದ್ದಿನ ಅಳತೆ ಇದೆ. ಹೋಗುವಾಗ ನಾನು ಎಳೆದುಕೊಂಡ ಉಸಿರಲ್ಲಿ ಗಾಳಿ ವಾದ್ಯದವರ ಉಸಿರಿದೆ. ಈ ಒಂದು ಬೀಟ್ ಸರಿಯಾಗಿ ಕೊಟ್ಟರೆ "ಸ್ವಲ್ಪ ಮೆಲ್ಲಗೆ, ಸ್ವಲ್ಪ ತಡೆದು" ಅನ್ನುವ ಮಾತೇ ಬೇಡ. ಕನ್ನಡಿ ಮುಂದೆ ನಾಲ್ಕು ಬೀಟ್ ತಾಳ ಹಾಕುವುದನ್ನು ಯಾರು ಬೇಕಾದರೂ ಕಲಿಯಬಹುದು. ಆ ಎತ್ತುವ ಕೈಯನ್ನು ಕಲಿಯಲು ಎದುರಿಗೆ ಜನ ಬೇಕು. ಫಿನ್ಲೆಂಡಿನ ಸಿಬೇಲಿಯಸ್ ಅಕಾಡೆಮಿಯಲ್ಲಿ ಕಂಡಕ್ಟಿಂಗ್ ಕಲಿಸುತ್ತಿದ್ದ ಯೊರ್ಮ ಪಾನುಲ ಅವರ ತರಗತಿಯಿಂದ ಅಷ್ಟು ಜನ ಒಳ್ಳೆಯ ಕಂಡಕ್ಟರ್‌ಗಳು ಬಂದದ್ದು ಸುಮ್ಮನೆ ಅಲ್ಲ. ಅಲ್ಲಿ ವಿದ್ಯಾರ್ಥಿಗಳಿಗೆ ನಿಜವಾದ ವಾದಕರ ಎದುರು ನಿಲ್ಲುವ ಅವಕಾಶ ಮತ್ತೆ ಮತ್ತೆ ಸಿಗುತ್ತಿತ್ತು, ನಿಂತದ್ದರ ವಿಡಿಯೊ ನೋಡಿ ಪಾಠ ನಡೆಯುತ್ತಿತ್ತು.

ಕೈ ಸ್ಪಷ್ಟವಾಗಿರಬೇಕಾದ ಇನ್ನೊಂದು ಕಾರಣ ದೂರ. ಟಿಂಪನಿ (ದೊಡ್ಡ ನಗಾರಿಗಳು) ನಾನು ನಿಲ್ಲುವ ಪೋಡಿಯಂನಿಂದ 12 ಮೀಟರ್ ಹಿಂದಿದೆ ಅಂತಿಟ್ಟುಕೊಳ್ಳಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮುಂದಿನ ಸಾಲಿನ ವಯಲಿನ್ ಸದ್ದು ಟಿಂಪನಿಯವರಿಗೆ ತಲುಪಲು ಸುಮಾರು 35 ಮಿಲಿಸೆಕೆಂಡ್ ಬೇಕು. ಅವರು ಅದನ್ನು ಕೇಳಿಕೊಂಡು ಸರಿಯಾಗಿ ಅದರ ಜೊತೆ ಬಾರಿಸಿದರೆ, ಅವರ ಸದ್ದು ನನ್ನ ಹತ್ತಿರ ಬರಲು ಇನ್ನೊಂದು 35. ಒಟ್ಟು 70. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಕಾಲು ಬೀಟ್ ಅಂದರೆ 125 ಮಿಲಿಸೆಕೆಂಡ್. ಅದರ ಅರ್ಧಕ್ಕಿಂತ ಜಾಸ್ತಿ ಹಿಂದೆ ಬಿದ್ದ ಹಾಗಾಯಿತು, ಅದೂ ಟಿಂಪನಿಯವರ ತಪ್ಪು ಏನೂ ಇಲ್ಲದೆ. ಅದಕ್ಕೇ ಹಿಂದಿನ ಸಾಲಿನವರು ಕಿವಿಗಿಂತ ಕಣ್ಣನ್ನು ಜಾಸ್ತಿ ನಂಬಬೇಕಾಗುತ್ತದೆ. ನನ್ನ ಬ್ಯಾಟನ್‌ನ ತುದಿ ಎಲ್ಲಿ ತಾಗಿತು ಅಂತ ಅವರಿಗೆ ಅಲ್ಲಿಂದ ಕಾಣಲೇಬೇಕು. ಇದು ತಿಳಿದ ಮೇಲೆ ನಾನು ಬರೆಯುವುದರಲ್ಲೂ ಎಚ್ಚರ ಬಂತು. ಮುಂದಿನ ಸಾಲಿನ ಪಿಟ್ಸಿಕಾಟೊ (ತಂತಿಯನ್ನು ಬೆರಳಲ್ಲಿ ಮೀಟುವುದು) ಜೊತೆ ಹಿಂದಿನ ಸಾಲಿನ ಸೈಲೊಫೋನ್ (ಮರದ ಪಟ್ಟಿಗಳ ವಾದ್ಯ) ಒಂದೇ ಹೊತ್ತಿಗೆ ಹೊಡೆಯಬೇಕು ಅಂತ ವೇಗದ ಭಾಗದಲ್ಲಿ ಬರೆಯುವ ಮುಂಚೆ ಎರಡು ಸಲ ಯೋಚಿಸುತ್ತೇನೆ. ಬೇಕೇ ಬೇಕಿದ್ದರೆ ಬರೆಯುತ್ತೇನೆ, ಆ ಜಾಗಕ್ಕೆ ರಿಹರ್ಸಲ್‌ನಲ್ಲಿ ಹೊತ್ತು ಎತ್ತಿಡುತ್ತೇನೆ.

ಮಾತಿನ ವಿಷಯ ಬೇಗ ಮುಗಿಯುತ್ತದೆ. ಯಾರು, ಎಲ್ಲಿ, ಏನು. "ಸೆಕೆಂಡ್ ವಯಲಿನ್, ಬಾರ್ 112, ಇನ್ನೂ ಚಿಕ್ಕದಾಗಿ." ಸಾಕು. ರಿಹರ್ಸಲ್ ಲೆಟರ್‌ನಿಂದ (ಜಾಗ ಹುಡುಕಲು ಹಾಳೆಯಲ್ಲಿ ಅಲ್ಲಲ್ಲಿ ಹಾಕಿರುವ ಅಕ್ಷರ) ಎಣಿಸಬೇಕಿದ್ದರೆ ಮೊದಲು ಲೆಟರ್ ಹೇಳಿ, ಆಮೇಲೆ ಬಾರ್ ಲೆಕ್ಕ, ಯಾಕೆಂದರೆ ವಾದಕರ ಬೆರಳು ಹೋಗುವುದೂ ಅದೇ ಕ್ರಮದಲ್ಲಿ. ಕೃತಿ ಬರೆಯುವಾಗ ನಿಮ್ಮ ಮನಸ್ಸಲ್ಲಿ ಏನಿತ್ತು ಅನ್ನುವ ಕಥೆ ಪ್ರೋಗ್ರಾಂ ಪುಸ್ತಕಕ್ಕಿರಲಿ.

ಬೇರೆಯವರ ಸಂಗೀತ ನಡೆಸುವುದು ಕಂಪೋಸರ್‌ಗೆ ಎಂಥ ಶಾಲೆ ಅನ್ನುವುದಕ್ಕೆ ಕಂಡಕ್ಟರ್ ಆಗಿದ್ದುಕೊಂಡೇ ಸಿಂಫನಿಗಳನ್ನು ಬರೆದ ಗುಸ್ತಾವ್ ಮಾಹ್ಲರ್‌ಗಿಂತ ಬೇರೆ ಸಾಕ್ಷಿ ಬೇಡ. 1897ರಿಂದ 1907ರವರೆಗೆ ವಿಯೆನ್ನಾದ ಆಸ್ಥಾನ ಒಪೆರಾದ ಹೊಣೆ ಅವರದು. ವರ್ಷವಿಡೀ ಬೇರೆಯವರ ಸಂಗೀತ, ಬೇಸಿಗೆ ರಜೆಯಲ್ಲಿ ಸರೋವರದ ಹತ್ತಿರದ ಪುಟ್ಟ ಗುಡಿಸಲಲ್ಲಿ ತಮ್ಮ ಸಿಂಫನಿ. ಅವರ ಐದನೇ ಸಿಂಫನಿ 1904ರಲ್ಲಿ ಕಲೋನ್‌ನಲ್ಲಿ ಮೊದಲು ನುಡಿಸಲ್ಪಟ್ಟಿತು. ಅದರ ವಾದ್ಯ ಹಂಚಿಕೆಯನ್ನು (ಯಾವ ಸ್ವರ ಯಾವ ವಾದ್ಯಕ್ಕೆ ಅನ್ನುವುದನ್ನು) ಅವರು ತಿದ್ದುತ್ತಲೇ ಇದ್ದರು, 1911ರಲ್ಲಿ ತೀರಿಕೊಳ್ಳುವವರೆಗೂ. ಅಷ್ಟು ವರ್ಷ ಆರ್ಕೆಸ್ಟ್ರಾ ಮುಂದೆ ನಿಂತ ಮನುಷ್ಯನಿಗೂ ಹಾಲ್‌ನಲ್ಲಿ ಕೇಳಿದ ಮೇಲೆ ತಿದ್ದುವುದಿತ್ತು. ಇವತ್ತು ಕಂಪ್ಯೂಟರ್ ನಮಗೆ ಎಲ್ಲವನ್ನೂ ಮನೆಯಲ್ಲೇ ಕೇಳಿಸಿಬಿಡುತ್ತದೆ. ಕೊಳಲಿನ ಕೆಳಗಿನ ಸ್ವರಗಳು ನಾಲ್ಕು ಹಾರ್ನ್‌ಗಳ ಮಧ್ಯೆಯೂ ಸ್ಪಷ್ಟವಾಗಿ ಕೇಳುತ್ತವೆ. ಅಲ್ಲಿ ಯಾರಿಗೂ ಉಸಿರು ಮುಗಿಯುವುದಿಲ್ಲ. ಹಾಲ್‌ಗೆ ಬಂದರೆ ಅದೇ ಕೊಳಲು ಕಾಣುತ್ತದೆ, ಕೇಳುವುದಿಲ್ಲ. ಇದನ್ನು ಕಲಿಯಲು ಒಳ್ಳೆಯ ದಾರಿ ಅಸಿಸ್ಟೆಂಟ್ ಕಂಡಕ್ಟರ್ ಕೆಲಸ. ಸ್ಕೋರ್ ಹಿಡಿದು ಖಾಲಿ ಹಾಲ್‌ನ ಬೇರೆ ಬೇರೆ ಸೀಟುಗಳಲ್ಲಿ ಕೂತು, ಯಾವುದು ಕೇಳುತ್ತದೆ, ಯಾವುದು ಮುಚ್ಚಿಹೋಗುತ್ತದೆ ಅಂತ ಬರೆದು ಬ್ರೇಕ್‌ನಲ್ಲಿ ಹೇಳುವುದು. ಹೆಸರು ಬರುವುದಿಲ್ಲ. ಆದರೆ ವಾದ್ಯ ಹಂಚಿಕೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕಂಡಕ್ಟರ್‌ಗೆ ಹುಷಾರಿಲ್ಲ ಅಂತ ಕರೆ ಬಂದರೆ ಆ ರಾತ್ರಿ ನೀವೇ ನಿಲ್ಲಬೇಕು. 1943ರ ನವೆಂಬರ್ 14ರಂದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಲ್ಲಿ ಬ್ರೂನೋ ವಾಲ್ಟರ್ ಬದಲಿಗೆ ರಿಹರ್ಸಲ್ ಇಲ್ಲದೆ ನಿಂತ ಅಮೆರಿಕದ ಕಂಡಕ್ಟರ್, ಕಂಪೋಸರ್ ಲೆನರ್ಡ್ ಬರ್ನ್‌ಸ್ಟೈನ್‌ಗೆ ಆಗ 25 ವರ್ಷ. ಅವರ ಕೆಲಸ ಅದೇ ಅಸಿಸ್ಟೆಂಟ್ ಕೆಲಸ.

ಬರ್ನ್‌ಸ್ಟೈನ್ ಬದುಕಲ್ಲೇ ಇನ್ನೊಂದು ಪಾಠವೂ ಇದೆ. 1958ರಿಂದ 1969ರವರೆಗೆ ಅದೇ ಆರ್ಕೆಸ್ಟ್ರಾದ ಸಂಗೀತ ನಿರ್ದೇಶಕರಾಗಿದ್ದಾಗ ಅವರು ಬರೆದು ಮುಗಿಸಿದ ದೊಡ್ಡ ಕೃತಿಗಳು ತೀರಾ ಕಮ್ಮಿ. ಅದರಲ್ಲಿ 'ಚಿಚೆಸ್ಟರ್ ಸಾಮ್ಸ್' ಬಂದದ್ದು 1965ರಲ್ಲಿ, ರಜೆ ತೆಗೆದುಕೊಂಡ ವರ್ಷ. ಫಿನ್ಲೆಂಡಿನ ಕಂಡಕ್ಟರ್, ಕಂಪೋಸರ್ ಎಸಾ-ಪೆಕ್ಕಾ ಸಾಲೊನೆನ್ 1992ರಿಂದ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ನಡೆಸಿ, 2009ರಲ್ಲಿ ಆ ಹುದ್ದೆ ಬಿಟ್ಟದ್ದೂ ಬರೆಯಲು ಜಾಸ್ತಿ ಹೊತ್ತು ಬೇಕು ಅಂತಲೇ. ಇಷ್ಟು ದೊಡ್ಡವರಿಗೇ ಸಂಜೆ ಹೊತ್ತಲ್ಲಿ ಬರೆದು ಮುಗಿಸಲು ಆಗಲಿಲ್ಲ ಅಂದರೆ ನಮಗೆ ಹೇಗೆ ಆಗುತ್ತದೆ? ಕಛೇರಿ ವಾರದಲ್ಲಿ ತಲೆ ತುಂಬ ಬೇರೆಯವರ ಸ್ವರ. ಆ ವಾರ ನಾನು ನನ್ನದನ್ನು ಬರೆಯಲು ಹೋಗುವುದಿಲ್ಲ. ಪಾರ್ಟ್ ತಿದ್ದುತ್ತೇನೆ, ಪುಟ ಸರಿಮಾಡುತ್ತೇನೆ. ಬರೆಯುವ ವಾರಗಳನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಹಾಕಿ, ಆ ವಾರಕ್ಕೆ ಕರೆ ಬಂದರೆ ಇಲ್ಲ ಅನ್ನುತ್ತೇನೆ. ಇಲ್ಲ ಅನ್ನುವುದು ಈ ವೃತ್ತಿಯ ಶುರುವಿನಲ್ಲಿ ತುಂಬ ಕಷ್ಟ, ಗೊತ್ತು. ವರ್ಷಕ್ಕೆ ಎರಡು ವಾರವಾದರೂ ಇಟ್ಟುಕೊಳ್ಳಿ.

ನನ್ನ ಕೃತಿಯನ್ನು ನಾನೇ ನಡೆಸುವುದರಲ್ಲಿ ಒಂದು ಅಪಾಯವೂ ಇದೆ. ಹಾಳೆಯಲ್ಲಿ ಇಲ್ಲದ್ದನ್ನು ನಾನು ನನಗೇ ಗೊತ್ತಾಗದಂತೆ ಕೈಯಲ್ಲಿ ತುಂಬಿಬಿಡುತ್ತೇನೆ. ಕಛೇರಿ ಚೆನ್ನಾಗಿ ಆಗುತ್ತದೆ, ಹಾಳೆ ಅರ್ಧವೇ ಉಳಿಯುತ್ತದೆ. ಹೊಸ ಕೃತಿಗಳಿಗೆ ಮೊದಲ ಕಛೇರಿ ಸಿಗುವಷ್ಟು ಸುಲಭವಾಗಿ ಎರಡನೆಯದು ಸಿಗುವುದಿಲ್ಲ. ಸಿಕ್ಕಾಗ ಪೋಡಿಯಂ ಮೇಲೆ ಬೇರೆ ಕಂಡಕ್ಟರ್ ಇರುತ್ತಾರೆ, ನಾನು ಬೇರೆ ಊರಲ್ಲಿರುತ್ತೇನೆ, ರಿಹರ್ಸಲ್ ಇನ್ನೂ ಕಮ್ಮಿ. ಹಾಗಾಗಿ ಮೊದಲ ಕಛೇರಿ ಮುಗಿದ ವಾರದಲ್ಲೇ ನಾನು ಸ್ಕೋರ್ ಮತ್ತು ರಿಹರ್ಸಲ್ ರೆಕಾರ್ಡಿಂಗ್ ಎದುರಿಗಿಟ್ಟುಕೊಂಡು ಕೂರುತ್ತೇನೆ. ನಾನು ಎಲ್ಲೆಲ್ಲಿ ನಿಲ್ಲಿಸಿ ಮಾತಾಡಿದೆ ಅನ್ನುವುದನ್ನು ಗುರುತು ಹಾಕುತ್ತೇನೆ. ಎಲ್ಲಿ ವೇಗ ತಡೆದೆ, ಯಾವ ಹಾರ್ನ್ ಸಾಲನ್ನು ಕೈಯಿಂದ ತಗ್ಗಿಸಿದೆ, ಅದೂ. ಆ ಒಂದೊಂದನ್ನೂ ಪಾರ್ಟ್‌ಗಳಿಗೆ ಇಳಿಸಿ ಹೊಸ ಪ್ರತಿ ಮಾಡುತ್ತೇನೆ. ಮುಂದಿನ ಕಂಡಕ್ಟರ್‌ಗೆ ಹೋಗುವುದು ಆ ಪ್ರತಿ. ಅವರಿಂದ ಫೋನ್ ಬಂದರೆ ಕೇಳಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತೇನೆ, ಮುಂದಿನ ತಿದ್ದುಪಡಿಗೆ ಬೇಕಾಗುತ್ತದೆ.